ಹೆಂಗಸರ ಕಡೆಯ ದನಿ

ಶಹಾಪುರದ ನಮ್ಮ ಮನೆಯಲ್ಲಿ ನನಗೆ ಕಾಲು ಚಾಚಿ ಮಲಗಲು ಜಾಗವಿರಲಿಲ್ಲ, ಸ್ಪೀಕರುಗಳಿಗೆ ಇತ್ತು. ಇದ್ದದ್ದು ಮೂರು ಖೋಲಿ. ಒಳಗಿನದು ಒಲೆಯದು. ಹೊಗೆ ಕುಡಿದು ಕರ್ರಗಾಗಿದ್ದ ಆ ಖೋಲಿಯ ಮೂಲೆಯಲ್ಲಿ ಆಯಿ, ಅಂದರೆ ಅಪ್ಪನ ಅವ್ವ, ಜೋಳದ ಚೀಲಕ್ಕೆ ಬೆನ್ನು ಕೊಟ್ಟು ಕೂತು ಇಡೀ ಮನೆಗೆ ಹುಕುಂ ಮಾಡುತ್ತಿದ್ದಳು. ನಡುವಿನ ಖೋಲಿಯಲ್ಲಿ ನಾವೆಲ್ಲ ಉಣ್ಣುವುದು, ಮಲಗುವುದು, ಜಗಳಾಡುವುದು. ಬೀದಿಗೆ ಹೊಂದಿದ ದೊಡ್ಡ ಖೋಲಿ, ಮನೆಯಲ್ಲಿ ಗಾಳಿ ಬರುತ್ತಿದ್ದ ಒಂದೇ ಖೋಲಿ, ಅಪ್ಪನ ಸಾಮಾನಿಗೆ ಮೀಸಲು. ಫರಸಿಕಲ್ಲಿನ ನೆಲದ ಮೇಲೆ ಮರದ ಡಬ್ಬಿಗಳು, ಅವುಗಳ ಹೊಟ್ಟೆಯಲ್ಲಿ ಕರಿ ಕಾಗದದ ಸ್ಪೀಕರುಗಳು, ಗೂಟಕ್ಕೆ ನೇತು ಹಾಕಿದ ವಯರಿನ ಸುರುಳಿಗಳು, ಎಲ್ಲಕ್ಕೂ ಮೇಲೆ ರಾಶಿ ಬಿದ್ದ ಕಂಬಳಿಗಳು. ನಾನು ಏನಾದರೂ ಮುಟ್ಟಿದರೆ ಅಪ್ಪ ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಸುಮ್ಮನೆ ನನ್ನ ಕೈ ಹಿಡಿದು ನಡುಮನೆಗೆ ಬಿಟ್ಟು ಬರುತ್ತಿದ್ದ. ಅದಕ್ಕಿಂತ ಎರಡು ಏಟು ಬಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು ನನಗೆ.

ಅಪ್ಪನ ಹೆಸರು ಬೀರಪ್ಪ. ಜನ ಕರೆದದ್ದು ಆವಾಜ್ ಬೀರಪ್ಪ ಎಂದು. ಶಹಾಪುರ, ಸುರಪುರ, ಯಾದಗಿರಿಯ ಟಾಕೀಜುಗಳಿಗೆ ಮೊದಲು ದನಿ ಕೂಡಿಸಿದವನು ಅವನೇ. ಹೋದ ವರ್ಷ ಅವನು ತೀರಿಕೊಂಡಾಗ ಹುಡುಗರು ಅವನ ಫೋಟೋವನ್ನು ಮೊಬೈಲಿನಲ್ಲಿ ಹಾಕಿ, ನಮ್ಮ ಭಾಗದ ಮೊದಲ ಸೌಂಡ್ ಇಂಜಿನಿಯರ್ ಎಂದು ಬರೆದರು. ಇಂಜಿನಿಯರ್ ಅಂತೆ! ಬದುಕಿದ್ದಾಗ ಏ ವಯರಿನವ ಎಂದು ಕೂಗಿದ ಊರು ಇದು. ಹೋಗಲಿ ಬಿಡಿ, ಸತ್ತ ಮೇಲಾದರೂ ಪದವಿ ಸಿಕ್ಕಿತು. ನನ್ನ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಅಷ್ಟು ಜನ ಬಂದು ಹಾರ ಹಾಕಿ ಮಾತಾಡಿದರಲ್ಲ, ಒಬ್ಬರಾದರೂ ನನ್ನ ಅವ್ವನ ಹೆಸರು ಎತ್ತಬೇಡವೇ? ಅಪ್ಪನ ಕೆಲಸದ ಅರ್ಧ ನಡೆದದ್ದು ಅವಳ ಕಿವಿಯಲ್ಲಿ. ಆ ಕಿವಿ ಹೇಗೆ ಹೋಯಿತು, ಹೋದ ಮೇಲೆ ಅವಳು ಅಪ್ಪನ ಪಕ್ಕದಲ್ಲಿ ತನ್ನ ಜಾಗ ಉಳಿಸಿಕೊಳ್ಳಲು ಎಷ್ಟು ಒದ್ದಾಡಿದಳು ಎಂಬುದನ್ನು ಬಲ್ಲವಳು ಈಗ ನಾನೊಬ್ಬಳೇ ಉಳಿದಿದ್ದೇನೆ. ಶಾಲೆಯಲ್ಲಿ ಮಕ್ಕಳಿಗೆ ಕಲಿಸಿ ಕಲಿಸಿ ನನ್ನ ಗಂಟಲು ಒಡೆದಿದೆ, ಬರೆಯುವ ಕೈ ಇನ್ನೂ ಗಟ್ಟಿಯಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗಿನ ಟಾಕೀಜೆಂದರೆ ನಾಲ್ಕು ಕಲ್ಲಿನ ಗೋಡೆ, ಮೇಲೆ ತಗಡು. ಪರದೆಯ ಮೇಲೆ ಒಬ್ಬ ಮಾತಾಡಿದರೆ ಗೋಡೆಯೊಳಗಿಂದ ಇನ್ನೂ ನಾಲ್ಕು ಜನ ಅದೇ ಮಾತನ್ನು ಹಿಂದೆ ಮುಂದೆ ಆಡಿದಂತೆ ಕೇಳುತ್ತಿತ್ತು. ಹಾಡು ಹೇಗೋ ನಡೆಯುತ್ತಿತ್ತು, ಮಾತೆಲ್ಲ ಕಲಸುಮೇಲೋಗರ. ಅಪ್ಪ ಸಗರದ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ಕುರಿಯ ಹಿಂದೆ ಹೋಗಿ ಹೊಲದಲ್ಲಿ ಕಂಬಳಿಯ ಗುಡಾರದೊಳಗೆ ಮಲಗಿದವನು. ಅದರೊಳಗೆ ಆಡಿದ ಮಾತು ಆಡಿದಲ್ಲೇ ಉಳಿಯುತ್ತದೆ, ತಿರುಗಿ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹೈದರಾಬಾದಿನಲ್ಲಿ ರೇಡಿಯೋ ರಿಪೇರಿ ಕಲಿತು ಬಂದವನು ಮೊದಲು ಮಾಡಿದ ಕೆಲಸವೆಂದರೆ ಶಹಾಪುರದ ಟಾಕೀಜಿನ ಹಿಂದಿನ ಗೋಡೆಗೆ ಹಳೆಯ ಕಂಬಳಿ ಹೊಡೆಸಿದ್ದು. ಇದೇನು ಟಾಕೀಜೋ ಕುರಿ ಹಟ್ಟಿಯೋ ಎಂದು ಜನ ಬಿದ್ದು ಬಿದ್ದು ನಕ್ಕರು. ಮೊದಲ ಆಟ ನೋಡಿ ಹೊರಗೆ ಬಂದವರು ನಗಲಿಲ್ಲ. ಕಂಬಳಿಗಳು ಮನೆಯಿಂದ ಟಾಕೀಜಿಗೆ, ಟಾಕೀಜಿನಿಂದ ಮನೆಗೆ ಓಡಾಡುತ್ತಲೇ ಇದ್ದವು. ಮಳೆಗಾಲದಲ್ಲಿ ನಮ್ಮ ಇಡೀ ಮನೆ ತೊಯ್ದ ಕುರಿಯ ಹಾಗೆ ನಾರುತ್ತಿತ್ತು. ಸಿನಿಮಾ ಎಂದರೆ ಇವತ್ತಿಗೂ ನನ್ನ ಮೂಗಿಗೆ ಬರುವುದು ಆ ವಾಸನೆಯೇ.

ಹೆಂಗಸರು ಕೂಡುವ ಕಡೆ ಬೇರೆ ಇತ್ತು. ಒಂದು ಪಕ್ಕಕ್ಕೆ ಎದೆಮಟ್ಟದ ಗೋಡೆ, ಅದರ ಮೇಲೆ ಬಟ್ಟೆಯ ಪರದೆ. ದೀಪ ಆರಿದ ಮೇಲೆ ಪರದೆ ಸರಿಸುತ್ತಿದ್ದರು, ದೀಪ ಹತ್ತುವ ಮೊದಲು ಎಳೆಯುತ್ತಿದ್ದರು. ಸ್ಪೀಕರುಗಳೆಲ್ಲ ಗಂಡಸರ ಕಡೆಗೆ ಮುಖ ಮಾಡಿದ್ದವು. ಗೋಡೆಯ ಈಚೆ ಕೂತವರಿಗೆ ದನಿ ಸೋಸಿ ಬರುತ್ತಿತ್ತು. ಹೆಣ್ಣುಮಕ್ಕಳು ಟಿಕೆಟ್ ತೆಗೆಸಿ ಮೂಕಿ ಸಿನಿಮಾ ನೋಡುತ್ತಿದ್ದಾರೆ ಎಂದು ಅಪ್ಪ ಟಾಕೀಜಿನ ಸಾಹುಕಾರರಿಗೆ ಹೇಳಿದರೆ, ಅವರಿಗೆ ಸೀರೆ ಒಡವೆ ಕಂಡರೆ ಸಾಕು ಮಾರಾಯ ಎಂದು ಅವರು ನಕ್ಕರಂತೆ. ಅಪ್ಪ ಬಿಡಲಿಲ್ಲ. ಹೆಂಗಸರ ಕಡೆಗೇ ಬೇರೆ ಸ್ಪೀಕರ್ ಡಬ್ಬಿ ಕೂಡಿಸಿದ, ಸಿನಿಮಾ ಓಡಿಸುವ ಮೇಲಿನ ಮಿಷನ್ ಖೋಲಿಯಲ್ಲಿ ಅದಕ್ಕೇ ದನಿ ಏರಿಳಿಸುವ ಬೇರೆ ತಿರುಪು ಇಟ್ಟ. ಈ ಕಡೆಯಲ್ಲೆಲ್ಲ ಹಾಗೆ ಮಾಡಿದವರು ಇನ್ನೊಬ್ಬರಿರಲಿಲ್ಲ. ತಿರುಪು ಎಷ್ಟು ತಿರುವಬೇಕು ಎಂಬುದು ಮಾತ್ರ ಗೊತ್ತಾಗಲಿಲ್ಲ. ಮಿಷನ್ ಖೋಲಿಯಲ್ಲಿ ಮಿಷನ್ನಿನ ಗರಗರ ಬಿಟ್ಟರೆ ಬೇರೇನೂ ಕೇಳದು. ಜನ ತುಂಬಿದಾಗ ದನಿ ಒಂದು ಥರ, ಖಾಲಿ ಇದ್ದಾಗ ಇನ್ನೊಂದು ಥರ. ಆಟ ನಡೆದಾಗ ಹೆಂಗಸರ ನಡುವೆ ಹೋಗಿ ಕೂಡಲು ಅವನಿಗೆ ಬರುವಂತಿಲ್ಲ. ಒಂದು ದಿನ ಉಣ್ಣುತ್ತ ಕೂತವನು ಅವ್ವನಿಗೆ ಹೇಳಿದ್ದು ನನಗೆ ನೆನಪಿದೆ.

“ನಿಂಗೀ, ನಾಳಿ ಮಧ್ಯಾಹ್ನ ಟಾಕೀಜಿಗೆ ಬಾ.”

“ಯಾಕ್ರಿ, ಏನ್ ಹಬ್ಬ ನಾಳಿ?”

“ಹಬ್ಬ ಅಲ್ಲ, ಕೆಲಸ. ನೀ ಹೆಣ್ಣಮಕ್ಕಳ ನಡಕ ಕೂಡು. ಕಮ್ಮಿ ಆದ್ರ ಕೈ ಮ್ಯಾಲ ಎತ್ತು, ಜಾಸ್ತಿ ಆದ್ರ ಕೆಳಗ ಒತ್ತು. ಬರೋಬರಿ ಆತಂದ್ರ ಅಂಗೈ ತೋರಸು. ನಾ ಮ್ಯಾಲಿನ ಕಿಟಕ್ಯಾಗಿಂದ ನೋಡ್ತಿರ್ತೀನಿ.”

ಒಳಗಿನಿಂದ ಆಯಿ ದನಿ ತೆಗೆದಳು.

“ಹೆಂಡ್ತೀನ್ ಸಿನಿಮಾಕ್ಕ ಕರಕೊಂಡು ಹೋಗಾಕ ಎಂಥ ನೆವಾ ತಗದಾನ ನೋಡು ಭಾಡ್ಯಾ!”

ಅವ್ವ ನಾಚಿ ಸೆರಗು ಬಾಯಿಗೆ ಇಟ್ಟುಕೊಂಡಳು. ಮರುದಿನ ಇಳಕಲ್ ಸೀರೆ ಉಟ್ಟು, ರೊಟ್ಟಿ ಪುಂಡಿಪಲ್ಯೆ ಗಂಟು ಕಟ್ಟಿಕೊಂಡು, ನನ್ನ ಕೈ ಹಿಡಿದು ಹೊರಟಳು. ಹಾಗೆ ಶುರುವಾಯಿತು. ಆಮೇಲೆ ಅಪ್ಪ ಯಾವ ಟಾಕೀಜಿಗೆ ಕೆಲಸಕ್ಕೆ ಹೋದರೂ ಮೊದಲ ಆಟಕ್ಕೆ ಅವ್ವ ಹೋಗಲೇಬೇಕು. ಮೈಯೆಲ್ಲ ಕಿವಿಯಾಗಿ ಕೂಡುತ್ತಿದ್ದಳು. ಸಿನಿಮಾದ ಕತೆ ಕೇಳಿದರೆ ಅವಳಿಗೆ ನೆಟ್ಟಗೆ ಹೇಳಲು ಬರುತ್ತಿರಲಿಲ್ಲ. ಆದರೆ ಅತ್ತೆ ಪಾತ್ರದವಳ ಮಾತಿನ ಕೊನೆ ಮುರಿಯಿತು, ಮಗುವಿನ ಅಳು ಚುಚ್ಚಿತು ಎಂದು ಅಪ್ಪನಿಗೆ ಮನೆಯಲ್ಲಿ ವಿವರವಾಗಿ ಹೇಳುತ್ತಿದ್ದಳು. ಅವರಿಬ್ಬರೂ ಗಂಡ ಹೆಂಡತಿಯ ಹಾಗೆ ಮಾತಾಡಿದ್ದನ್ನು ನಾನು ಕಂಡದ್ದು ಕಡಿಮೆ. ದನಿಯ ವಿಷಯ ಬಂದರೆ ಮಾತ್ರ ರೊಟ್ಟಿ ತಣ್ಣಗಾಗುವವರೆಗೆ ಮಾತಾಡುತ್ತಿದ್ದರು. ಓಣಿಯ ಹೆಂಗಸರು ನೀರಿನ ಹತ್ತಿರ, ನಿಂಗಮ್ಮ ಕೈ ಎತ್ತಿದರೆ ಟಾಕೀಜೇ ದನಿ ಏರಿಸುತ್ತದೆ ಎಂದು ಚೇಷ್ಟೆ ಮಾಡುತ್ತಿದ್ದರು. ಅವಳಿಗೆ ಒಳಗೊಳಗೇ ಹಿಗ್ಗು. ಓದು ಬರಹ ಇಲ್ಲದ, ಹುಣಸಗಿಯ ಕೂಲಿ ಮನೆಯಿಂದ ಬಂದ ಹೆಣ್ಣಿಗೆ ಊರಿನಲ್ಲಿ ಅಂಥದೊಂದು ಜಾಗ ಸಿಕ್ಕಿತ್ತು.

ಆಮೇಲೆ ಅವಳಿಗೆ ಕ್ಷಯ ಬಂತು. ಕೆಮ್ಮಿನಲ್ಲಿ ರಕ್ತ ಕಂಡ ದಿನ ಆಯಿ ಅವಳ ತಾಟು, ತಂಬಿಗೆ, ಹಾಸಿಗೆ ಎಲ್ಲ ಬೇರೆ ಮಾಡಿದಳು. ನನ್ನನ್ನು ಅವಳ ಹತ್ತಿರ ಬಿಡಲಿಲ್ಲ. ಅಪ್ಪ ಮುಂದಿನ ಖೋಲಿಯ ಸಾಮಾನೆಲ್ಲ ಹಿತ್ತಲಿಗೆ ಹೊತ್ತು ಹಾಕಿ, ಗಾಳಿ ಬರುವ ಆ ಖೋಲಿಯನ್ನು ಅವಳಿಗೆ ಕೊಟ್ಟ. ಹಿತ್ತಲಿನಲ್ಲಿ ಸ್ಪೀಕರುಗಳಿಗೆ ಗೆದ್ದಲು ಹತ್ತಿದರೂ ಅವನು ತಿರುಗಿ ನೋಡಲಿಲ್ಲ. ಪಕ್ಕದ ಮನೆಯ ಖಾಜಾಬಿ ಖಾಲಾ ಒಬ್ಬಳೇ ಯಾವ ಹೆದರಿಕೆಯೂ ಇಲ್ಲದೆ ಬಂದು ತಲೆ ಬಾಚಿ, ಗಂಜಿ ಕುಡಿಸಿ ಹೋಗುತ್ತಿದ್ದಳು. ದಿನವೂ ಸೂಜಿಮದ್ದು. ಕಂಪೌಂಡರು ಮನೆಗೇ ಬಂದು ಚುಚ್ಚುತ್ತಿದ್ದ. ತಿಂಗಳುಗಟ್ಟಲೆ ನಡೆಯಿತು. ಅವ್ವನ ಮುಖಕ್ಕೆ ಕಳೆ ಬಂತು, ಕೆಮ್ಮು ನಿಂತಿತು, ಆಯಿಯ ಮನಸ್ಸೂ ಸ್ವಲ್ಪ ಸಡಿಲಾಯಿತು. ಅಷ್ಟರಲ್ಲಿ ಒಂದು ಸಂಜೆ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅವ್ವ ಅಪ್ಪನಿಗೆ ಹೇಳಿದಳು.

“ಕಿವ್ಯಾಗ ಜೀರುಂಡಿ ಹೊಕ್ಕಂಗ ಆಗ್ಯಾದ್ರಿ. ಒಂದೇ ಸವನ ಗುಂಯ್ ಅಂತದ.”

“ಮದ್ದಿನ ಕಾವು ಅದು. ಮಜ್ಜಿಗಿ ಕುಡಿ, ಇಳೀತದ.”

“ಡಾಕ್ಟರಿಗೆ ಹೇಳ್ರಿ ಒಂದ್ ಮಾತು.”

“ಹೇಳಿದ್ರ ಸೂಜಿ ನಿಲ್ಲಸ್ತಾರ. ಇನ್ನೊಂದ್ ಸ್ವಲ್ಪ ತಡ್ಕೊ. ನೀ ಉಳೀಬೇಕು ನನಗ.”

ಮೂರೂರಿನ ಟಾಕೀಜುಗಳಲ್ಲಿ ಎಲ್ಲಿ ಒಂದು ತಂತಿ ಗುಂಯ್ ಎಂದರೂ ಓಡಿಹೋಗಿ ಹಿಡಿಯುತ್ತಿದ್ದ ಮನುಷ್ಯ, ತನ್ನ ಹೆಂಡತಿಯ ಕಿವಿಯ ಗುಂಯ್‌ಗೆ ಮಜ್ಜಿಗೆ ಕುಡಿಸಿದ. ಅವನ ಮೇಲೆ ಸಿಟ್ಟು ಮಾಡಲು ನಾನು ಎಷ್ಟೋ ವರ್ಷ ಪ್ರಯತ್ನಪಟ್ಟೆ. ಆಗಲಿಲ್ಲ. ಅವನು ಆಗ ಹೆದರಿದ್ದ, ಅಷ್ಟೇ.

ರೋಗ ಹೋಯಿತು, ಜೊತೆಗೆ ಕಿವಿಯೂ ಹೋಗುತ್ತ ಬಂತು. ನಮಗೆ ಯಾರಿಗೂ ತಿಳಿಯಲಿಲ್ಲ, ಅವಳಿಗೆ ತಿಳಿದಿತ್ತು. ರೊಟ್ಟಿ ಬಡಿಯುವ ಸಪ್ಪಳ ದಿನದಿನಕ್ಕೆ ಜೋರಾಯಿತು. ತಂಬಿಗೆ ಇಟ್ಟರೆ ಧಡ್, ಬಾಗಿಲು ಹಾಕಿದರೆ ಧಡ್. ರೋಗ ಬಿಟ್ಟ ಮೇಲೆ ಸೊಕ್ಕು ಬಂದಿದೆ, ಭಾಂಡೆ ಪಾತ್ರೆ ಎತ್ತೆತ್ತಿ ಬಿಸಾಕುತ್ತಾಳೆ ಎಂದು ಆಯಿ ಊರಿಗೆಲ್ಲ ಸಾರಿದಳು. ನಾನು ಹಿಂದಿನಿಂದ ಅವ್ವಾ ಎಂದರೆ ತಿರುಗುತ್ತಿರಲಿಲ್ಲ. ನನ್ನ ಮೇಲೆ ಸಿಟ್ಟೇನೋ ಎಂದು ನಾನು ಮೂಲೆ ಸೇರಿ ಅಳುತ್ತಿದ್ದೆ. ಎದುರಿಗೆ ಕೂತವರ ತುಟಿ ನೋಡಿ ಅವಳು ಹೂಂ, ಹೌದ್ರಿ ಎಂದು ಹೇಗೋ ನಿಭಾಯಿಸಿದಳು. ಬಾಯಿ ಬಿಟ್ಟು ಹೇಳಬಾರದೇ ಎಂದು ನೀವು ಕೇಳಬಹುದು. ಹೇಳಿದ್ದರೆ ಏನಾಗುತ್ತಿತ್ತು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕ್ಷಯ ಬಂದಾಗಲೇ ಆಯಿ ಅವಳನ್ನು ಹುಣಸಗಿಯ ತವರಿಗೆ ಅಟ್ಟು ಎಂದು ಹಟ ಹಿಡಿದಿದ್ದಳು. ಈಗ ಕಿವುಡಿ ಎಂದೂ ಗೊತ್ತಾದರೆ ಮನೆಯಲ್ಲಿ ಯಾತಕ್ಕೆ ಬೇಕು ಅವಳು? ಅದಕ್ಕಿಂತ ಹೆಚ್ಚಾಗಿ, ಅಪ್ಪನಿಗೆ ಯಾತಕ್ಕೆ ಬೇಕು?

ಆ ಹೊತ್ತಿಗೇ ಸುರಪುರದ ಹೊಸ ಟಾಕೀಜಿನ ಕೆಲಸ ಬಂತು. ಅಲ್ಲಿಯ ಸಾಹುಕಾರರು ಖರ್ಚಿಗೆ ಹಿಂದೆ ಮುಂದೆ ನೋಡುವವರಲ್ಲ. ಒಳ್ಳೆಯ ಸ್ಪೀಕರು, ಹೊಸ ಕಂಬಳಿ. ಅಪ್ಪನಿಗೆ ಮದುವೆಯ ಸಂಭ್ರಮ. ಆಟದ ಹಿಂದಿನ ದಿನ ಖಾಲಿ ಟಾಕೀಜಿನಲ್ಲಿ ರೀಲು ಓಡಿಸಿ ನೋಡಿದರು. ಅವ್ವ ಹೆಂಗಸರ ಕಡೆ ಒಬ್ಬಳೇ ಕೂತಳು. ಕೈ ಎತ್ತಿದಳು. ಅಪ್ಪ ದನಿ ಏರಿಸಿದ. ಮತ್ತೆ ಎತ್ತಿದಳು, ಮತ್ತೆ ಏರಿಸಿದ. ಅವಳಿಗೇ ಕೇಳುವವರೆಗೆ, ಅಂದರೆ ಕಿವಿ ಹೋದ ಅವಳಿಗೆ ಕೇಳುವವರೆಗೆ, ಅವಳು ಕೈ ಎತ್ತುತ್ತಲೇ ಹೋದಳು. ಅವಳದೇನೂ ಮೋಸವಲ್ಲ. ತನಗೆ ಕೇಳಿದಾಗ ಅಂಗೈ ತೋರಿಸಬೇಕು ಎಂಬುದೇ ಮೊದಲಿನಿಂದ ಅವಳ ಕೆಲಸ, ಅದನ್ನೇ ಮಾಡಿದಳು. ಕೆಳಗೆ ನಿಂತಿದ್ದ ಕೆಲಸದವರು ಭಾಳ ಜೋರಾಗಾಕತ್ತದ ಎಂದು ಕೂಗಿದರು. ಅಪ್ಪ ಕೇಳಲಿಲ್ಲ.

“ನೀವು ನಿಂತದ್ದು ಗಂಡಸರ ಜಾಗದಾಗ. ಆಕಿ ಕೂತದ್ದು ಬ್ಯಾರೆ ಜಾಗ. ಕಂಬಳಿ ದನಿ ನುಂಗಾಕತ್ತಾವ ಅಲ್ಲಿ.”

ಎಂದವನೇ ಹೆಂಗಸರ ಕಡೆಯ ಕಂಬಳಿಗಳನ್ನು ಬಿಚ್ಚಿಸಿದ. ನಾಳೆ ಜನ ತುಂಬಿದರೆ ಇನ್ನಷ್ಟು ಕಮ್ಮಿಯಾಗುತ್ತದೆ ಎಂದು ತಿರುಪನ್ನು ಇನ್ನೂ ಸ್ವಲ್ಪ ಏರಿಸಿ ಗುರುತು ಮಾಡಿಟ್ಟ. ತನ್ನ ಕಿವಿಗಿಂತ ಅವಳ ಕಿವಿಯನ್ನು ಅಷ್ಟು ನಂಬಿದ್ದ.

ಮರುದಿನ ಮಧ್ಯಾಹ್ನ ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ. ಹಳ್ಳಿಗಳಿಂದ ಕೂಸು ಕಟ್ಟಿಕೊಂಡು ಬಂದಿದ್ದರು. ಅವ್ವ ಎಂದಿನಂತೆ ಎಲ್ಲರಿಗಿಂತ ಮುಂದೆ ಕೂತಳು, ನಾನು ಅವಳ ಮಗ್ಗುಲಿಗೆ. ದೀಪ ಆರಿತು, ಪರದೆ ಸರಿಯಿತು, ಮೊದಲ ಮಾತು ಬಂತು ನೋಡಿ, ಅಯ್ಯೋ ಶಿವನೇ, ತಗಡು ಕಳಚಿ ತಲೆಯ ಮೇಲೆ ಬಿದ್ದಂತಾಯಿತು. ಬೋಳು ಗೋಡೆಗೆ ಬಡಿದು ದನಿ ಹಿಂದೆ ಬಂತು, ಮತ್ತೆ ಬಡಿಯಿತು. ಕೂಸುಗಳೆಲ್ಲ ಒಮ್ಮೆಲೇ ಚೀರಿದವು. ಹೆಂಗಸರು ಕಿವಿ ಮುಚ್ಚಿಕೊಂಡು ಎದ್ದರು, ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲಿಗೆ ಓಡಿದರು. ಗೋಡೆಯ ಆಚೆ ಗಂಡಸರು ಸೀಟಿ ಹೊಡೆದು ನಕ್ಕರು. ಸಾಹುಕಾರರು ಮಿಷನ್ ಖೋಲಿಗೆ ಹತ್ತಿ ಹೋಗಿ ಒದರಿದ್ದು ಆ ಗದ್ದಲದಲ್ಲೂ ಕೇಳಿಸಿತು.

“ಹೆಣ್ಣಮಕ್ಕಳ ಕಿವಿ ಹರಿಯಾಕ ಕರೆಸೀಯೇನೋ ಬೀರ್ಯಾ? ನನ್ನ ಮಾರಿಗೆ ಮಸಿ ಬಳದಿ!”

ಅಪ್ಪ ದನಿ ಇಳಿಸುವುದನ್ನೂ ಮರೆತು ಓಡಿ ಬಂದ. ಗಂಡಸರು ಕಾಲಿಡದ ಹೆಂಗಸರ ಬಾಗಿಲಿನೊಳಗೆ ಬಂದು ನಿಂತ. ಬೆಂಚುಗಳೆಲ್ಲ ಖಾಲಿ. ಮುಂದಿನ ಬೆಂಚಿನಲ್ಲಿ ಅವ್ವ ಒಬ್ಬಳೇ, ಅವಳ ಮಗ್ಗುಲಿಗೆ ಕಿವಿಯಲ್ಲಿ ಬೆರಳಿಟ್ಟುಕೊಂಡ ನಾನು. ಅವಳು ಅಂಗೈ ಮೇಲೆತ್ತಿ ಹಿಡಿದೇ ಇದ್ದಳು, ಬರೋಬರಿ ಎಂದು. ಅಪ್ಪ ಹಿಂದಿನಿಂದ ಕೂಗಿದ. ಅವಳು ತಿರುಗಲಿಲ್ಲ. ಹತ್ತಿರ ಬಂದು ಭುಜ ಮುಟ್ಟಿದ. ಬೆಚ್ಚಿ ನೋಡಿದವಳ ಮುಖದಲ್ಲಿ ನಗೆ ತುಂಬಿ ತುಳುಕುತ್ತಿತ್ತು, ಕಣ್ಣಲ್ಲಿ ನೀರಿತ್ತು.

“ಈಗ ಬರೋಬರಿ ಅದ್ರಿ. ಒಂದೊಂದ್ ಮಾತೂ ತಿಳ್ಯಾಕತ್ತದ. ಎಷ್ಟ್ ದಿನಾ ಆಗಿತ್ತರಿ, ಮಂದಿ ಮಾತು ಹಿಂಗ ಕೇಳಿ!”

ಆಮೇಲೆ ಅಪ್ಪನ ಹೆಗಲಿನಾಚೆ ಅವಳ ಕಣ್ಣು ಹೋಯಿತು. ಖಾಲಿ ಬೆಂಚುಗಳನ್ನು ನೋಡಿದಳು. ನನ್ನನ್ನು ನೋಡಿದಳು, ನನ್ನ ಕಿವಿಯೊಳಗಿನ ಬೆರಳುಗಳನ್ನು ನೋಡಿದಳು. ಎತ್ತಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ಮುಖವನ್ನು ನಾನು ಮರೆಯಬೇಕೆಂದು ಎಷ್ಟು ಬೇಡಿಕೊಂಡರೂ ದೇವರು ಮರೆಸಿಲ್ಲ.

ಅಪ್ಪ ಅವಳನ್ನು ಯಾದಗಿರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನಾನೂ ಜೊತೆಗಿದ್ದೆ. ಡಾಕ್ಟರು ಅಪ್ಪನಿಗಷ್ಟೇ ಹೇಳಿದರು: ಮದ್ದಿನಿಂದ ಜೀವ ಉಳಿದಿದೆ, ಅದೇ ಮದ್ದಿನಿಂದ ಕಿವಿ ಹೋಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದೂ ನಿಲ್ಲುವುದಿಲ್ಲ, ಗುಂಯ್ ಎಂದಾಗಲೇ ಬರಬೇಕಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಶಹಾಪುರದ ಬಸ್ಸಿಗೆ ಕಾಯುತ್ತ ನಿಂತಾಗ ಅವ್ವ ಅಪ್ಪನ ತೋಳು ಜಗ್ಗಿದಳು.

“ಏನಂದ್ರು?”

ಅಪ್ಪ ಬಾಯಿ ತೆರೆದ. ಅವಳಿಗೆ ಕೇಳಬೇಕೆಂದರೆ ಒದರಬೇಕು. ಸುತ್ತ ಜನ. ನಿನ್ನ ಕಿವಿ ಹೋಯಿತು ಎಂಬ ಮಾತನ್ನು ಅಷ್ಟು ಜನರ ನಡುವೆ ಗಂಟಲು ಹರಿಯುವಂತೆ ಒದರುವುದು ಹೇಗೆ? ಅವನು ತೆರೆದ ಬಾಯಿ ಮುಚ್ಚಿದ. ಶೇಂಗಾ ಮಾರುವವಳ ಬುಟ್ಟಿಯ ಪಕ್ಕ ನೆಲಕ್ಕೆ ಕುಕ್ಕರಿಸಿ ಕೂತು, ರುಮಾಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಅವ್ವನಿಗೆ ಉತ್ತರ ಸಿಕ್ಕಿತು. ಅವಳೂ ಪಕ್ಕದಲ್ಲಿ ಕೂತು ಅವನ ಬೆನ್ನು ಸವರಿದಳು. ಬಸ್ಸು ಬಂದು ಹೋಯಿತು, ನಾವು ಹತ್ತಲಿಲ್ಲ.

ಮನೆಯಲ್ಲಿ ಆಯಿಯ ಹಳೆಯ ರಾಗ ಮತ್ತೆ ಶುರುವಾಯಿತು. ಹುಣಸಗಿಗೆ ಬಿಟ್ಟು ಬಾ, ನಿನಗಿನ್ನೂ ವಯಸ್ಸಿದೆ ಎಂದಳು. ಉಣ್ಣುತ್ತಿದ್ದ ಅಪ್ಪ ತಾಟು ಸರಿಸಿ ಎದ್ದ.

“ಆಕಿ ಹುಣಸಗಿಗಿ ಹೋದ್ರ ನಾನೂ ಹೋಗ್ತೀನಿ. ನೀ ಇಲ್ಲಿ ಜ್ವಾಳದ ಚೀಲಕ್ಕ ಹುಕುಂ ಮಾಡ್ಕೊಂತ ಕೂಡು.”

ಅಪ್ಪ ತನ್ನ ಅವ್ವನಿಗೆ ಎದುರಾಡಿದ್ದು ಅದೇ ಮೊದಲು, ಅದೇ ಕೊನೆ. ಆಯಿ ಆಡಿದ ಮಾತು ನುಂಗಿದಳು. ಆಮೇಲಾಮೇಲೆ ಸೊಸೆಯನ್ನು ಕರೆಯಬೇಕಾದಾಗ ಒನಕೆಯಿಂದ ಫರಸಿಗೆ ಕುಟ್ಟುವುದನ್ನು ಅವಳೇ ಕಂಡುಹಿಡಿದಳು. ನೆಲ ನಡುಗಿದರೆ ಅವ್ವನಿಗೆ ಕಾಲಿನಲ್ಲಿ ತಿಳಿಯುತ್ತಿತ್ತು. ಮುದುಕಿ ಕೆಟ್ಟವಳೇನಲ್ಲ, ಬಾಯಿ ಮಾತ್ರ ಕೆಟ್ಟದ್ದು. ಅಪ್ಪ ಮಾತ್ರ ಹೊಸ ಕೆಲಸ ಹಿಡಿಯುವುದನ್ನು ಬಿಟ್ಟ. ಹಳೆಯ ಟಾಕೀಜುಗಳ ವಯರು ನೋಡಿ ಬರುತ್ತಿದ್ದ, ಬಂದು ಮುಂದಿನ ಖೋಲಿಯಲ್ಲಿ ಗೋಡೆ ನೋಡುತ್ತ ಕೂಡುತ್ತಿದ್ದ. ಉಣ್ಣುವಾಗ ಮಾತಿಲ್ಲ. ಅವಳಿಗೆ ಕೇಳುವುದಿಲ್ಲ ಎಂದು ಅವನು ಬಾಯಿ ಬಿಡಲಿಲ್ಲ, ಅವನು ಬಾಯಿ ಬಿಡುವುದಿಲ್ಲ ಎಂದು ಅವಳು ತಟ್ಟೆ ನೋಡುತ್ತ ಉಂಡಳು. ಅಷ್ಟು ಹೊತ್ತಿಗೆ ಅವಳ ಕಿವಿ ಪೂರ್ತಿ ಆರಿಹೋಗಿತ್ತು.

ಯಾದಗಿರಿಯಲ್ಲಿ ಸ್ಟೇಷನ್ ಕಡೆ ಟಾಕೀಜು ಕಟ್ಟಿಸಿದ್ದ ಸಾಹುಕಾರರು ಒಂದು ದಿನ ಮನೆಗೇ ಬಂದರು. ಸುರಪುರದ ಕತೆ ಅವರಿಗೂ ಗೊತ್ತಿತ್ತು. ಆದರೂ ಬಂದಿದ್ದರು, ದೊಡ್ಡ ಮನುಷ್ಯರು. ಅಪ್ಪ ಕೈ ಮುಗಿದು ಬೇಡವೆಂದು ತಲೆ ಅಲ್ಲಾಡಿಸುತ್ತ ಕೂತಿದ್ದ. ಚಹ ತಂದ ಅವ್ವ ಇಬ್ಬರ ಮುಖವನ್ನೂ ನೋಡಿದಳು. ತನ್ನ ದನಿ ಎಷ್ಟು ಜೋರು ಎಂಬ ಅಂದಾಜು ಅವಳಿಗೆ ಆಗಲೇ ತಪ್ಪಿಹೋಗಿತ್ತು. ಓಣಿಗೆಲ್ಲ ಕೇಳುವಂತೆ ಹೇಳಿದಳು.

“ಒಪ್ಪಿಕೊಳ್ರಿ. ನಾ ಬರ್ತೀನಿ.”

ಅಪ್ಪ ಕೈ ಮಾಡಿ ಹೇಗೆ ಎಂದು ಕೇಳಿದ.

“ಹೆಂಗ ಅಂದ್ರ? ಕಣ್ಣು ಅದಾವಲ್ರಿ ನನಗ. ಕೇಳದಿದ್ರ ಹೆಂಗಸು ಕುತ್ತಿಗಿ ಮುಂದ ಚಾಚತಾಳ. ಜಾಸ್ತಿ ಆದ್ರ ಮೊದಲ ಕೂಸಿನ ಕಿವಿ ಮುಚ್ಚತಾಳ, ಆಮ್ಯಾಲ ತನ್ನವು. ಬರೋಬರಿ ಆತಂದ್ರ ಬಾಯಾಗಿನ ಶೇಂಗಾ ಅಗಿಯೂದ ಮರೀತಾಳ. ಸಿನಿಮಾ ಯಾಕ ನೋಡ್ಲಿ ನಾ? ಅವರ ಮಾರಿ ನೋಡ್ಕೊಂತ ಕೂಡ್ತೀನಿ.”

ಅಪ್ಪ ಚಹದ ಬಸಿ ಎತ್ತಿ ಸಾಹುಕಾರರ ಕೈಗೆ ಕೊಟ್ಟು, ಆಗ್ಲಿರಿ, ಮಾಡ್ತೀನಿ ಎಂದ.

ಯಾದಗಿರಿಯ ಮೊದಲ ಆಟಕ್ಕೆ ಖಾಜಾಬಿ ಖಾಲಾ ಕೂಡ ಬಂದಳು. ಅವ್ವ ಈ ಸಲ ಎಲ್ಲರಿಗಿಂತ ಮುಂದೆ, ಪರದೆಗೆ ಬೆನ್ನು ಕೊಟ್ಟು, ಹೆಂಗಸರಿಗೆ ಎದುರಾಗಿ ನೆಲದ ಮೇಲೆ ಕೂತಳು. ಇವಳ್ಯಾರೇ, ಸಿನಿಮಾ ಬಿಟ್ಟು ನಮ್ಮನ್ನು ನೋಡುತ್ತಾಳೆ ಎಂದು ಹೆಂಗಸರು ಕಿಸಕ್ಕನೆ ನಕ್ಕರು.

“ನಗಬ್ಯಾಡ್ರೇ, ಆಕಿ ಕೆಲಸಾ ಮಾಡಾಕತ್ತಾಳ. ಈ ದನಿ ಆಕೀದೇ,” ಎಂದು ಖಾಲಾ ಗದರಿದಳು.

ಅವ್ವ ಕೈ ಎತ್ತಿದಳು, ಒತ್ತಿದಳು, ಮತ್ತೆ ಒಂದಿಷ್ಟು ಎತ್ತಿದಳು. ಮೇಲಿನ ಕಿಟಕಿಯಲ್ಲಿ ಅಪ್ಪನ ತಲೆ ಕಾಣುತ್ತಿತ್ತು. ನಿಧಾನವಾಗಿ ಹೆಂಗಸರ ಗುಸುಗುಸು ನಿಂತಿತು. ಕೂಸುಗಳು ಮಲಗಿದವು. ಅವ್ವ ಅಂಗೈ ತೋರಿಸಿದಳು. ಅಷ್ಟು ತಿಳಿಯಾದ ದನಿಯನ್ನು ನಾನು ಆಮೇಲೆ ಯಾವ ಊರಿನ ಯಾವ ದೊಡ್ಡ ಟಾಕೀಜಿನಲ್ಲೂ ಕೇಳಿಲ್ಲ. ಮಧ್ಯಂತರ ಕಳೆದ ಮೇಲೆ ಒಂದು ದೃಶ್ಯ ಬಂತು. ತಾಯಿಯೊಬ್ಬಳು ಮಲಗಿದ ಮಗಳ ತಲೆ ಸವರುತ್ತ ಏನೋ ಮೆಲ್ಲಗೆ ಹೇಳುತ್ತಾಳೆ, ಅಷ್ಟೇ. ಮಾತು ಪಿಸುದನಿಯಲ್ಲಿತ್ತು, ಆದರೂ ಹಿಂದಿನ ಸಾಲಿನ ಮುದುಕಿಗೂ ಮುಟ್ಟಿತು. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವ್ವ ಆ ಮುಖಗಳನ್ನು ಒಂದೊಂದಾಗಿ ನೋಡಿದಳು. ಒಮ್ಮೆ ತಿರುಗಿ ಪರದೆಯ ಮೇಲಿನ ತಾಯಿಯ ತುಟಿಗಳನ್ನು ನೋಡಿದಳು. ಮತ್ತೆ ಇತ್ತ ತಿರುಗಿದಾಗ ಅವಳೂ ಅಳುತ್ತಿದ್ದಳು. ನಾನು ಅವಳ ಮಂಡಿ ಮುಟ್ಟಿ, ಏನಾಯಿತು ಎಂದು ಕೈ ಮಾಡಿದೆ. ಅವಳು ನನ್ನ ಕಡೆ ಬಾಗಿ ಗುಟ್ಟಿನಲ್ಲಿ ಹೇಳಿದಳು. ಗುಟ್ಟು ಎಂದುಕೊಂಡದ್ದು ಅವಳೊಬ್ಬಳೇ, ಮಾತು ಜೋರಾಗಿಯೇ ಬಂತು.

“ಎಲ್ಲಾರಿಗೂ ಕೇಳಸಾಕತ್ತದ, ಮಾಳೀ. ನಿಮ್ಮಪ್ಪ ಎಷ್ಟ್ ಚಂದ ಮಾಡ್ಯಾನ ನೋಡು. ನನಗೊಬ್ಬಾಕಿಗೆ ಕೇಳಲಿಲ್ಲ.”

ಅಪ್ಪ ಕಂಬಳಿ ಹೊಡೆಸಿದ ಆ ಟಾಕೀಜಿನಲ್ಲಿ ಮಾತು ಒಡೆಯುತ್ತಿರಲಿಲ್ಲ. ಗೋಡೆಯ ಈಚೆಗೂ ಆಚೆಗೂ, ಮೇಲೆ ಕಿಟಕಿಯಿಂದ ತಲೆ ಹೊರಹಾಕಿದ್ದ ಅಪ್ಪನಿಗೂ ಅವ್ವನ ಆ ಮಾತು ಹಾಗೆಯೇ ಹೋಗಿ ಮುಟ್ಟಿತು. ಗಂಡಸರ ಕಡೆ ಒಬ್ಬನೂ ಸೀಟಿ ಹೊಡೆಯಲಿಲ್ಲ. ನಾನು ತಲೆ ಎತ್ತಿ ನೋಡಿದೆ. ಕಿಟಕಿಯಲ್ಲಿ ಅಪ್ಪನ ತಲೆ ಕಾಣಲಿಲ್ಲ. ನಮ್ಮ ಕಡೆಯ ದನಿ ಇಳಿಯುತ್ತ ಇಳಿಯುತ್ತ ಪೂರ್ತಿ ನಿಂತುಹೋಯಿತು. ಕೈ ಜಾರಿತೋ, ಅವನೇ ತಿರುವಿದನೋ, ನಾನು ಎಂದೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಪರದೆಯ ಮೇಲೆ ತಾಯಿಯ ತುಟಿ ಆಡುತ್ತಲೇ ಇತ್ತು, ಗಂಡಸರ ಕಡೆಯ ಪಿಸುದನಿ ಗೋಡೆ ದಾಟದೆ ನಮಗಾರಿಗೂ ಏನೂ ಕೇಳಲಿಲ್ಲ. ಯಾರೂ ಗಲಾಟೆ ಮಾಡಲಿಲ್ಲ. ಸುಮ್ಮನೆ ಕುತ್ತಿಗೆ ಮುಂದೆ ಚಾಚಿ ಕೂತೆವು.

ಅವ್ವ ನಮ್ಮ ಕುತ್ತಿಗೆಗಳನ್ನು ನೋಡಿದಳು. ದನಿ ಕಮ್ಮಿಯಾಗಿದೆ ಎಂದು ಅವಳಿಗೆ ತಿಳಿಯಿತು. ಗಡಬಡಿಸಿ ಕಣ್ಣೊರೆಸಿಕೊಂಡು, ಮೇಲಿನ ಕಿಟಕಿಯ ಕಡೆ ಕೈ ಎತ್ತಿದಳು.